ಕೆಂಜಾರಿನಲ್ಲಿ ಒಂದು ಮಧ್ಯಾಹ್ನ

ದಾವಣಗೆರೆಯಿಂದ ಅಮ್ಮನನ್ನು ಕರೆದುಕೊಂಡು ಕಟೀಲು, ಉಡುಪಿ, ಮಲ್ಪೆ ಎಂದು ನಾಲ್ಕು ದಿನ ತಿರುಗಿದೆವು. ದರ್ಶನ ಚೆನ್ನಾಗಿ ಆಯಿತು, ನೀರುದೋಸೆ ದಿನಕ್ಕೆ ಎರಡು ಹೊತ್ತು ತಿಂದೆವು, ಮಲ್ಪೆಯ ಗದ್ದಲ ನನಗೆ ಹಿಡಿಸಲಿಲ್ಲ. ಬರೆಯಲೇಬೇಕು ಅನ್ನಿಸಿದ್ದು ಕೊನೆಯ ದಿನದ ಬಗ್ಗೆ.

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಮರಿಗೆ ಬಿತ್ತು. ಆಗಷ್ಟೇ ಪಿಯುಸಿ ಮುಗಿಸಿದ್ದ ನಾನು ಅಂದು ಟಿವಿ ಮುಂದಿಂದ ಎದ್ದಿರಲಿಲ್ಲ. 166 ಜನರಲ್ಲಿ 158 ಮಂದಿ ಹೋದರು, ಉಳಿದವರು ಎಂಟೇ ಜನ. ಗುರುತು ಸಿಗದ 12 ದೇಹಗಳನ್ನು ಕೂಳೂರಿನ ಬಳಿ ಫಲ್ಗುಣಿ ದಂಡೆಯಲ್ಲಿ ಮಣ್ಣು ಮಾಡಿದರು. ಸ್ಮಾರಕವೂ ಅಲ್ಲೇ ಇದೆ. ಪ್ರತಿ ವರ್ಷ ಮೇ 22ರಂದು ಅಲ್ಲಿ ಹೂವಿಟ್ಟು ನಮಿಸುತ್ತಾರೆ.

ಹೋಗುವವರಿಗೆ ಒಂದು ಮಾತು. ಆಟೋದವರಿಗೆ ‘ತಣ್ಣೀರುಬಾವಿ ಪಾರ್ಕ್’ ಎನ್ನಬೇಡಿ. ನಾನು ಹಾಗೆ ಹೇಳಿ ಸಮುದ್ರದ ಬದಿಯ ಟ್ರೀ ಪಾರ್ಕ್ ಬಾಗಿಲಲ್ಲಿ ಇಳಿದೆ. ವಾಪಸ್ ಬರಲು ದುಪ್ಪಟ್ಟು ಬಾಡಿಗೆ ಕೇಳಿದ, ಮಂಡಿನೋವಿನ ಅಮ್ಮ ಬಿಸಿಲಲ್ಲಿ ಅರ್ಧ ತಾಸು ನಿಂತರು. ಈಗಲೂ ಹೊಟ್ಟೆ ಉರಿಯುತ್ತದೆ. ‘ಕೂಳೂರು ಸೇತುವೆ, ವಿಮಾನ ದುರಂತದ ಸ್ಮಾರಕ’ ಎಂದೇ ಹೇಳಿ.

ಸ್ಮಾರಕದಲ್ಲಿ ಅಮ್ಮ ಚಪ್ಪಲಿ ಬಿಟ್ಟು ಕೈಮುಗಿದರು. ಹೊಳೆ ಸದ್ದಿಲ್ಲದೆ ಹರಿಯುತ್ತಿತ್ತು. ನನಗೆ ವಿಮಾನ ಬಿದ್ದ ಕೆಂಜಾರಿಗೂ ಹೋಗಬೇಕಿತ್ತು.

ಗುಡ್ಡದ ನೆತ್ತಿ ಸವರಿ ಮಾಡಿದ ರನ್‌ವೇ ಅದು, ಉದ್ದ 2,450 ಮೀಟರ್. ಅರ್ಧಕ್ಕಿಂತ ಹೆಚ್ಚು ಕಳೆದ ಮೇಲೆ ಚಕ್ರ ನೆಲ ಮುಟ್ಟಿತ್ತು, ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಸಲ ಹೇಳಿದ್ದರು ಎಂಬುದು ತನಿಖೆಯಲ್ಲಿ ಬಂತು. ಇದನ್ನೆಲ್ಲ ಓದಿಯೇ ಹೋಗಿದ್ದೆ. ಕೆಳಗೆ ನಿಂತು ಆ ಇಳಿಜಾರಿನತ್ತ ತಲೆ ಎತ್ತಿದಾಗ ಮಾತ್ರ ಕಾಲು ನಡುಗಿತು.

ರಸ್ತೆ ಬದಿಯ ಗೂಡಂಗಡಿಯಲ್ಲಿ ಶರಬತ್ತು ಕುಡಿಯುತ್ತಾ ಅಲ್ಲಿದ್ದ ಹಿರಿಯರನ್ನು ಮಾತಿಗೆಳೆದೆ. ಮೊದಲು ಬಾಯಿ ಬಿಡಲಿಲ್ಲ. ಅಮ್ಮ “ನೀವು ನೋಡಿದ್ರಾ ಅಣ್ಣಾ?” ಅಂದಾಗ ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು.

“ಹಲ್ಲುಜ್ಜುತ್ತಾ ಇದ್ದೆ ಅಮ್ಮ. ಸದ್ದು ಕೇಳಿ ಗುಡ್ಡವೇ ಜರಿಯಿತು ಅಂತ ಗ್ರಹಿಸಿದ್ದು. ಬೈರಾಸನ್ನು ಬಾವಿ ನೀರಲ್ಲಿ ಅದ್ದಿ ಮೂಗಿಗೆ ಕಟ್ಟಿಕೊಂಡು ಓಡಿದೆ. ಹೊಗೆ ಅಂದ್ರೆ ಹೊಗೆ! ಪೊದೆಯಲ್ಲಿ ಒಂದು ಮಗುವಿನ ಶೂ ಉಂಟು, ಲೇಸು ಕಟ್ಟಿದ ಹಾಗೇ.”

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಹೆದರಿಕೆ ಆಗಲಿಲ್ವಾ?” ಎಂದೆ.

“ಹೆದರಲಿಕ್ಕೆ ಪುರುಸೊತ್ತು ಎಲ್ಲಿತ್ತು ಮಾರಾಯ್ರೆ? ನಾವು ಊರಿನವರು ಸುಮಾರು ಜನ ಇಳಿದದ್ದು. ಆಮೇಲೆ ಒಂದು ವಾರ ಅನ್ನ ಸೇರಲಿಲ್ಲ.”

ಸನ್ಮಾನದ ಮಾತೆತ್ತಿದರೆ ಕೈಯಾಡಿಸಿ ಬಿಟ್ಟರು. “ಉಳಿದವರಲ್ಲಿ ಒಬ್ಬರನ್ನಾದರೂ ಒಮ್ಮೆ ಕಾಣಬೇಕು ಅಂತ ಆಸೆ ಉಂಟು.”

ಸಂತಾಪ ನಿರ್ಣಯದ ಹೊತ್ತಿಗೆ ವಿಧಾನಸಭೆ ಎದ್ದು ನಿಂತು ಮೌನ ಆಚರಿಸುತ್ತದೆ. ಅದು ಆಗಬೇಕಾದದ್ದೇ. ಆದರೆ ಹೀಗೆ ಕಮರಿಗೆ ಓಡಿದವರ ಹೆಸರನ್ನೂ ಅದೇ ಸದನದಲ್ಲಿ ಒಂದೊಂದಾಗಿ ಓದಬೇಕು, ಅವರನ್ನು ಕರೆಸಿ ಗ್ಯಾಲರಿಯಲ್ಲಿ ಕೂರಿಸಬೇಕು. ಶಾಲು, ಹಾರ ಬೇಡ. ಹೆಸರು ಕಡತದಲ್ಲಿ ಉಳಿಯಲಿ. ಇದನ್ನು ನಮ್ಮ ಶಾಸಕರಿಗೆ ಬರೆದು ಕಳಿಸುತ್ತೇನೆ.

ಅಷ್ಟರಲ್ಲಿ ವಿಮಾನವೊಂದು ಇಳಿಯುವ ಸದ್ದು ಬಂತು. ಹಿರಿಯರು ಮಾತು ನಿಲ್ಲಿಸಿ ಗುಡ್ಡದ ಕಡೆ ಕಿವಿಗೊಟ್ಟರು. ಮೊರೆತ ಏರಿತು, ನಿಧಾನಕ್ಕೆ ತಗ್ಗಿತು.

“ನಿಂತಿತು,” ಎಂದು ಗ್ಲಾಸು ಎತ್ತಿಕೊಂಡರು.