‘ದಾನ’ ಅಂದಿದ್ದನ್ನ ಅವ್ರು ಅರ್ಥ ಮಾಡ್ಕೊಂಡಿದ್ದೇ ಬೇರೆ

ಶಿವಮೊಗ್ಗದ ಒಂದು ಐವಿಎಫ್ (ಲ್ಯಾಬಲ್ಲಿ ಭ್ರೂಣ ಮಾಡಿ ಗರ್ಭಕ್ಕೆ ಹಾಕೋ) ಸೆಂಟರಲ್ಲಿ ಕೌನ್ಸೆಲರ್ ಆಗಿದೀನಿ. ಕಳೆದ ಮಳೆಗಾಲದಲ್ಲಿ ಹೊಸನಗರ ಕಡೆಯ ಗಂಡ ಹೆಂಡತಿ ಬಂದಿದ್ರು, ಅಡಿಕೆ ತೋಟದೋರು, ನಮ್ಮಲ್ಲೇ ಟ್ರೀಟ್‌ಮೆಂಟ್ ಆಗಿ ಹುಟ್ಟಿದ ಮಗೂಗೆ ಈಗ ಮೂರು ವರ್ಷ. ಉಳಿದ ನಾಲ್ಕು ಭ್ರೂಣ ಮೈನಸ್ 196 ಡಿಗ್ರಿಯ ನೈಟ್ರೋಜನ್ ಕ್ಯಾನಲ್ಲಿ ಇತ್ತು, ಅದರ ಸ್ಟೋರೇಜ್ ರಿನ್ಯೂ ಮಾಡ್ಸೋಕೆ ಬಂದಿದ್ದು. ಗಂಡ ದುಡ್ಡು ಕಟ್ಟೋಕೆ ಹೋದಾಗ ಆಕೆ ಸುಮಾರು ಹೊತ್ತು ಸೆರಗಿನ ಅಂಚು ಮಡಚ್ತಾ ಕೂತಿದ್ದು ಆಮೇಲೆ ಮೆಲ್ಲಗೆ ಕೇಳಿದ್ರು, "ಅಕ್ಕಾ, ದಾನ ಕೊಡ್ತೀವಿ ಅಂತ ಸೈನ್ ಹಾಕಿದ್ವಲ್ಲ, ಅದು ಯಾವ ಊರಿನೋರಿಗೆ ಹೋಗುತ್ತೆ? ಮಗು ಆದ್ಮೇಲೆ ದೂರದಿಂದ ಒಂದ್ಸಲ ನೋಡ್ಬಹುದಾ?"

ನನ್ನ ಎದೆ ಧಸಕ್ ಅಂತು.

ಫಾರಂನಲ್ಲಿ ಇದ್ದಿದ್ದು ‘ಸಂಶೋಧನೆಗೆ ದಾನ’ ಅಂತ. ಸೈನ್ ಹಾಕ್ಸಿದ್ದು ನಾನೇ, ಅದೂ ಎಗ್ ಪಿಕಪ್ (ಅಂಡಾಣು ಹೊರಗೆ ತೆಗೆಯೋ) ದಿನ ಬೆಳಿಗ್ಗೆ, ಆಕೆ ಖಾಲಿ ಹೊಟ್ಟೇಲಿ ಕೈಗೆ ಡ್ರಿಪ್ ಹಾಕ್ಸ್ಕೊಂಡು ಮಲಗಿದ್ದಾಗ, "ಇದು ರಿಸರ್ಚ್‌ಗೆ ಅಮ್ಮಾ, ಇಲ್ಲೊಂದು ಸೈನ್" ಅಂದಿದ್ದೆ ಅಷ್ಟೇ. ಅವ್ರ ಕಿವಿಗೆ ಬಿದ್ದಿದ್ದು ದಾನ ಅನ್ನೋದೊಂದೇ.

ಅವತ್ತು ಗಂಡನ್ನೂ ಕೂರಿಸ್ಕೊಂಡು ಮೊದಲಿಂದ ಹೇಳ್ದೆ. ಐದನೇ ದಿನದ ಭ್ರೂಣ ಸಾಸಿವೆ ಕಾಳಿಗಿಂತ ಎಷ್ಟೋ ಚಿಕ್ಕದು, ಅದರೊಳಗಿನ ಜೀವಕೋಶ ತೆಗೆದು ಲ್ಯಾಬಲ್ಲಿ ಬೆಳೆಸಿದ್ರೆ ಸ್ಟೆಮ್ ಸೆಲ್, ಅಂದ್ರೆ ದೇಹದ ಬೇರೆ ಬೇರೆ ಥರದ ಕೋಶ ಆಗಬಲ್ಲ ಮೂಲ ಕೋಶ, ಮನುಷ್ಯರ ಭ್ರೂಣದಿಂದ 1998ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ಥಾಮ್ಸನ್ ಮೊದಲು ಮಾಡಿದ್ದು. ಆ ಭ್ರೂಣಾನ ಯಾರ ಹೊಟ್ಟೆಗೂ ಹಾಕಲ್ಲ, ಹಾಕೋ ಹಾಗೇ ಇಲ್ಲ, 14 ದಿನ ದಾಟಿ ಬೆಳೆಸೋ ಹಾಗೂ ಇಲ್ಲ. ಕೋಶ ತೆಗೆದ್ಮೇಲೆ ಭ್ರೂಣ ಉಳಿಯಲ್ಲ. ಈ ಕೊನೇ ಮಾತು ಹೇಳೋಕೆ ನಂಗೆ ಬಾಯೇ ಬರ್ತಿರ್ಲಿಲ್ಲ, ಆದ್ರೆ ಸೈನ್ ಹಾಕ್ಸಿದ ದಿನ ಹೇಳ್ಬೇಕಿದ್ದಿದ್ದೇ ಅದು.

"ಹಂಗಾದ್ರೆ ಮಾವನ ಲಕ್ವಕ್ಕೆ ಔಷಧಿ ಆಗುತ್ತಾ?" ಅಂತ ಆಕೆ ಕೇಳಿದ್ರು. ಯಾರೋ ಸ್ಟೆಮ್ ಸೆಲ್ ಇಂಜೆಕ್ಷನ್‌ಗೆ ಲಕ್ಷಗಟ್ಟಲೆ ಹೇಳಿದ್ರಂತೆ. ಇಲ್ಲ ಅಂದೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಚಿಕಿತ್ಸೆ ಅಂತ ಒಪ್ಪಿರೋದು ರಕ್ತದ ಕಾಯಿಲೆಗಳಿಗೆ ಮಾಡೋ ಸ್ಟೆಮ್ ಸೆಲ್ ಕಸಿ ಮಾತ್ರ, ಮಿಕ್ಕಿದ್ದು ಪರ್ಮಿಷನ್ ತಗೊಂಡ ಟ್ರಯಲ್‌ನಲ್ಲಷ್ಟೇ. ದಯವಿಟ್ಟು ತೋಟ ಅಡ ಇಡ್ಬೇಡಿ ಅಂತ ಎರಡ್ಸಲ ಹೇಳ್ದೆ.

2021ರ ಎಆರ್‌ಟಿ (ಐವಿಎಫ್‌ನಂಥ ಚಿಕಿತ್ಸೆಗಳ) ಕಾಯ್ದೆ ಪ್ರಕಾರ ಭ್ರೂಣ ಇಡೋದು ಹೆಚ್ಚಂದ್ರೆ ಹತ್ತು ವರ್ಷ, ಆಮೇಲೆ ನಾಶ ಆಗೋಕೆ ಬಿಡ್ಬೇಕು, ಇಲ್ಲಾ ದಂಪತಿ ಒಪ್ಪಿದ್ರೆ ರಿಜಿಸ್ಟರ್ ಆಗಿರೋ ಸಂಶೋಧನಾ ಸಂಸ್ಥೆಗೆ ಕೊಡ್ಬೇಕು. ಮಾರೋ ಹಾಗಿಲ್ಲ. ಇದೆಲ್ಲ ನಂಗೆ ಬಾಯಿಪಾಠ ಇತ್ತು, ಆದ್ರೂ ಆ ಹೆಣ್ಮಗಳು ಮೂರು ವರ್ಷ ಬಸ್‌ಸ್ಟ್ಯಾಂಡಲ್ಲಿ ಕಂಡ ಮಕ್ಕಳ ಮುಖ ನೋಡ್ತಿದ್ರಂತೆ, ನಮ್ಮದೂ ಮುಂದೆ ಹೀಗೇ ಇರ್ಬಹುದಾ ಅಂತ.

ಈಗ ಆ ಸಂಶೋಧನೆ ಒಪ್ಪಿಗೆಯ ಪುಟಾನ ಪಿಕಪ್ ದಿನ ತೆಗೆಯೋದೇ ಇಲ್ಲ. ಬೇರೆ ದಿನ ಕರೀತೀನಿ, ಹೆಂಡತೀನ ಒಬ್ಬರನ್ನೇ ಕೂರಿಸ್ಕೊಂಡು ಮಾತಾಡ್ತೀನಿ, ‘ಅರ್ಥ ಆಯ್ತಾ’ ಅಂತ ಕೇಳಲ್ಲ, ಯಾಕಂದ್ರೆ ನಮ್ಮ ಕಡೆ ಅದಕ್ಕೆ ಹ್ಞೂಂ ಅಂತಲೇ ಉತ್ತರ. ‘ಮನೇಲಿ ಅತ್ತೆ ಕೇಳಿದ್ರೆ ಎಂತ ಹೇಳ್ತೀರಿ, ಹೇಳಿ ನೋಡುವ’ ಅಂತೀನಿ. ತಪ್ಪಿದ್ರೆ ಅಲ್ಲೇ ಗೊತ್ತಾಗುತ್ತೆ.

ಎಂಟು ದಿನ ಬಿಟ್ಟು ಫೋನ್ ಬಂತು. "ಇವ್ರು ಕೊಡುವ ಅಂತಾರೆ, ನಂಗೆ ಮನಸ್ಸು ಬರ್ತಿಲ್ಲ ಅಕ್ಕಾ." ಇಬ್ರಲ್ಲಿ ಒಬ್ರು ಬೇಡ ಅಂದ್ರೂ ಸಾಕು, ಕಾರಣ ಹೇಳ್ಬೇಕಿಲ್ಲ ಅಂದೆ. ಮುಂದಿನ ಸೋಮವಾರ ಮಳೇಲಿ ನೆನ್ಕೊಂಡೇ ಇಬ್ರೂ ಬಂದ್ರು, ಹಳೇ ಪುಟಕ್ಕೆ ಅಡ್ಡಗೀಟು ಹಾಕಿ ಪಕ್ಕದಲ್ಲಿ ತಾರೀಕು ಬರೆಸ್ದೆ, ಈ ಸಲ ಆಕೆ ಪೂರ್ತಿ ಓದಿ ಸೈನ್ ಹಾಕಿದ್ರು.