ಶೈನಿಂಗ್ ಪೇಪರ್‌ಗೆ ರೇಟಿಲ್ಲ

ಜುಲೈ 18, 2025, ಶುಕ್ರವಾರ

ಆಷಾಢ ಶುಕ್ರವಾರ. ಮನೆಯವಳು ಅಕ್ಕನ ಜೊತೆ ಬನಶಂಕರಿ ದೇವಸ್ಥಾನಕ್ಕೆ ಹೋದಳು, ನಿಂಬೆಹಣ್ಣಿನ ದೀಪ ಹಚ್ಚಲು. ಹೊರಡುವಾಗ ಒಂದೇ ಮಾತು ಹೇಳಿದಳು: ವರಮಹಾಲಕ್ಷ್ಮಿ ಹಬ್ಬದೊಳಗೆ ಅಟ್ಟ ಖಾಲಿ ಆಗಬೇಕು.

ಅಟ್ಟದಲ್ಲಿ ಏನಿದೆ ಅಂತ ನಿಮಗೆ ಗೊತ್ತೇ ಇದೆ. ಸೈಕಲ್ ರೇಸಿನ ಹಳೇ ಮ್ಯಾಗಜೀನ್‌ಗಳು. ವಿನ್ನಿಂಗ್, ಸೈಕಲ್ ಸ್ಪೋರ್ಟ್, ಒಂದಷ್ಟು ಸೈಕ್ಲಿಂಗ್ ವೀಕ್ಲಿ, ಅದರ ಜೊತೆಗೆ ನಾಲ್ಕೈದು ಫ್ರೆಂಚ್ ಸಂಚಿಕೆಗಳು, ಮಿರ್ವಾರ್ ದ್ಯು ಸಿಕ್ಲಿಸ್ಮ್. ಒಂದು ಕಟ್ಟು ಕೆಳಗಿಳಿಸಿ, ಸುಮ್ನೆ ಕೇಳೋಣ ಅಂತ ರದ್ದಿ ಅಂಗಡಿಗೆ ಒಯ್ದೆ. ಅವನು ಹಾಳೆಯನ್ನು ಬೆರಳಲ್ಲಿ ಉಜ್ಜಿ ನೋಡಿದ. "ಶೈನಿಂಗ್ ಪೇಪರ್ ಸಾರ್, ಇದಕ್ಕೆ ರೇಟಿಲ್ಲ. ನ್ಯೂಸ್‌ಪೇಪರ್ ಇದ್ರೆ ತನ್ನಿ." ಕಟ್ಟನ್ನು ವಾಪಸ್ ಹೊತ್ತು ತಂದೆ. ಬೆಲೆ ಸಿಗಲಿಲ್ಲ ಅನ್ನುವುದಕ್ಕೆ ಖುಷಿಪಟ್ಟವನು ಆ ಅಂಗಡಿಯಲ್ಲಿ ನಾನೊಬ್ಬನೇ ಇರಬೇಕು.

ಸಂಜೆ ಪುಟ್ಟ ಬಂದ. ಅಕ್ಕನ ಮಗ, ಶನಿವಾರ ಬೆಳಿಗ್ಗೆ ನಂದಿಬೆಟ್ಟ ಹತ್ತದಿದ್ದರೆ ತಿಂಡಿ ಸೇರದವನು. ಇವತ್ತು ಟೂರ್ ಡಿ ಫ್ರಾನ್ಸ್ ಅನ್ನುವ ಮೂರು ವಾರದ ಸೈಕಲ್ ರೇಸಿನಲ್ಲಿ ಪೆರಗೂಡ್ ಬೆಟ್ಟದ ಟೈಮ್ ಟ್ರಯಲ್, ಅಂದರೆ ಒಬ್ಬೊಬ್ಬರೇ ಹೊರಟು ಗಡಿಯಾರದ ಜೊತೆ ಸ್ಪರ್ಧಿಸುವುದು, ಬರೀ 10.9 ಕಿಲೋಮೀಟರ್. ಪೊಗಾಚಾರ್ ಮಾಮೂಲಿ ರೋಡ್ ಸೈಕಲ್ಲಿನಲ್ಲೇ ಹತ್ತಿದ. ವಿಂಗೆಗಾರ್ಡ್ ಟೈಮ್ ಟ್ರಯಲ್ ಸೈಕಲ್ ತಂದಿದ್ದ, 36 ಸೆಕೆಂಡ್ ಹಿಂದೆ ಬಿದ್ದ. ಪುಟ್ಟನ ಒಂದು ಕಣ್ಣು ಟೀವಿಯಲ್ಲಿ, ಇನ್ನೊಂದು ಮೊಬೈಲಿನಲ್ಲಿ. ಏರು ಶೇಕಡಾ ಎಷ್ಟು, ಕಾಲಿನ ವ್ಯಾಟ್ ಎಷ್ಟಿರಬಹುದು, ಎಲ್ಲ ಹೇಳುತ್ತಿದ್ದ.

"1989ರಲ್ಲಿ ಇದರ ಉಲ್ಟಾ ಆಗಿತ್ತು ಕಣೋ" ಅಂದೆ. ಕೊನೆಯ ದಿನ, ವರ್ಸೈಯಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್ ಟೈಮ್ ಟ್ರಯಲ್. ಗ್ರೆಗ್ ಲೆಮಾಂಡ್ ಫ್ರಾನ್ಸಿನ ಲೋರಾನ್ ಫಿನ್ಯೋಗಿಂತ 50 ಸೆಕೆಂಡ್ ಹಿಂದಿದ್ದ. ಮುಂದಕ್ಕೆ ಚಾಚಿದ ಹೊಸ ಹ್ಯಾಂಡಲ್‌ಬಾರ್ ಹಾಕಿಸಿಕೊಂಡು ಬಂದ. ಫಿನ್ಯೋ ಹಳೇ ಥರದ ಹ್ಯಾಂಡಲ್, ತಲೆಗೆ ಏನೂ ಇಲ್ಲ, ಹಿಂದೆ ಜುಟ್ಟು. ಲೆಮಾಂಡ್ ಗೆದ್ದ, ಇಡೀ ಟೂರನ್ನು 8 ಸೆಕೆಂಡಿನಲ್ಲಿ.

"ಲೈವ್ ನೋಡಿದ್ರಾ ಮಾಮ?"

"ಎಲ್ಲಿಯ ಲೈವ್! ತಿಂಗಳುಗಳಾದ ಮೇಲೆ ಅವೆನ್ಯೂ ರಸ್ತೆ ಫುಟ್‌ಪಾತಿನಲ್ಲಿ ಸಿಕ್ಕಿತು. ಮುಖಪುಟ ಹರಿದಿತ್ತು."

ಅವನು ನಕ್ಕ. ಮಾರಾಟ ಆಗದ ಸಂಚಿಕೆಯ ಮುಖಪುಟ ಕಿತ್ತು ಕಂಪನಿಗೆ ಲೆಕ್ಕ ಒಪ್ಪಿಸುತ್ತಿದ್ದರು, ಮಿಕ್ಕಿದ್ದು ಹೇಗೋ ಹಡಗು ಹತ್ತಿ ನಮ್ಮ ಫುಟ್‌ಪಾತಿಗೆ ಬರುತ್ತಿತ್ತು ಅಂತ ವಿವರಿಸಿದೆ. ಒಂದು ತಿಂಗಳ ಸಂಚಿಕೆ ಸಿಕ್ಕರೆ ಮುಂದಿನ ತಿಂಗಳದ್ದು ಸಿಗುವ ಗ್ಯಾರಂಟಿ ಇರಲಿಲ್ಲ. ಟೂರ್ ಅರ್ಧಕ್ಕೇ ನಿಲ್ಲುತ್ತಿತ್ತು. ಯಾರು ಗೆದ್ದಿರಬಹುದು ಅಂತ ನಾನೂ ನನ್ನ ಗೆಳೆಯನೂ ಜಗಳವಾಡಿಕೊಂಡು ಕಾಯುತ್ತಿದ್ದೆವು. ನಮ್ಮ ಪೇಪರಿನ ಕ್ರೀಡಾಪುಟದಲ್ಲಿ ಕ್ರಿಕೆಟ್ ಬಿಟ್ಟು ಉಳಿದದ್ದಕ್ಕೆ ಮೂಲೆಯ ನಾಲ್ಕು ಸಾಲು, ಅದೂ ಜಾಹೀರಾತು ಕಮ್ಮಿ ಇದ್ದ ದಿನ.

"ಅದರಲ್ಲಿ ಏನು ಮಜಾ ಮಾಮ? ರಿಸಲ್ಟ್ ಆಗಲೇ ಆಗಿ ಹೋಗಿರುತ್ತಲ್ಲ."

ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ರಾತ್ರಿ ಹನ್ನೊಂದಾಗಿದೆ, ಇನ್ನೂ ಅದೇ ತಲೆಯಲ್ಲಿದೆ.

ಯಾಕೆಂದರೆ ಟೂರ್ ಹುಟ್ಟಿದ್ದೇ ಓದುವವರಿಗಾಗಿ. ಲೋತೋ ಅನ್ನುವ ಪತ್ರಿಕೆ ನಷ್ಟದಲ್ಲಿತ್ತು. ಎದುರಾಳಿ ಲ ವೇಲೋ ಹಸಿರು ಕಾಗದದಲ್ಲಿ ಬರುತ್ತಿತ್ತು, ಇವರದು ಹಳದಿ ಕಾಗದ. ಸಂಪಾದಕ ಆನ್ರಿ ದೆಗ್ರಾಂಜ್ ತಲೆ ಕೆಡಿಸಿಕೊಂಡು ಕೂತಿದ್ದಾಗ, ಜಿಯೋ ಲೆಫೆವ್ರ್ ಅನ್ನುವ ಹುಡುಗ ವರದಿಗಾರ ಫ್ರಾನ್ಸ್ ಸುತ್ತ ರೇಸ್ ಮಾಡೋಣ ಅಂದ. 1903ರಲ್ಲಿ ಮಾಡಿದರು. ಪತ್ರಿಕೆಯ ಮಾರಾಟ ದುಪ್ಪಟ್ಟಿಗಿಂತ ಜಾಸ್ತಿಯಾಯಿತು, ಮರುವರ್ಷ ಹಸಿರು ಪತ್ರಿಕೆ ಬಾಗಿಲು ಹಾಕಿತು. 1919ರಲ್ಲಿ ಬಂದ, ಒಟ್ಟಾರೆ ಮುಂದಿರುವವನು ತೊಡುವ ಹಳದಿ ಅಂಗಿಗೂ ಆ ಹಳದಿ ಕಾಗದಕ್ಕೂ ನಂಟಿದೆ. ಇಟಲಿಯ ಸೈಕಲ್ ರೇಸ್ ಜಿರೋದ್ದೂ ಹಾಗೇ, ಗಝೆಟ್ಟಾ ಪತ್ರಿಕೆಯ ಗುಲಾಬಿ ಕಾಗದ, ಗುಲಾಬಿ ಅಂಗಿ. ರಸ್ತೆ ಬದಿ ನಿಂತವನಿಗೆ ಕಾಣುವುದು ಅರೆ ನಿಮಿಷ ಧೂಳು. ಮಿಕ್ಕ ರೇಸ್ ಎಲ್ಲ ಮರುದಿನ ಪೇಪರಿನಲ್ಲಿ. ಹಾಗಾದರೆ ಅವೆನ್ಯೂ ರಸ್ತೆಯಲ್ಲಿ ಹರಿದ ಸಂಚಿಕೆ ಕೊಂಡ ನಾನು ತಡವಾಗಿ ಬಂದವನಲ್ಲ. 1903ರ ಫ್ರೆಂಚ್ ರೈತನ ಪಕ್ಕದಲ್ಲೇ ನಿಂತಿದ್ದೆ. ಅವನಿಗೆ ಒಂದು ದಿನ ತಡ, ನನಗೆ ಅರ್ಧ ವರ್ಷ, ಅಷ್ಟೇ. ಇದನ್ನು ಪುಟ್ಟನಿಗೆ ಹೇಳಬೇಕಿತ್ತು. ಅವನು ಹೋದ ಮೇಲೆ ಹೊಳೆಯಿತು.

ಮತ್ತೆ ಆ ಫೋಟೊಗಳು! 1988ರ ಜಿರೋ, ಗಾವಿಯಾ ಬೆಟ್ಟ, ಹಿಮಪಾತ. ಆಂಡಿ ಹ್ಯಾಂಪ್‌ಸ್ಟನ್ ಮುಖದ ಮೇಲೆಲ್ಲ ಹಿಮ. ಆ ದಿನದ ಹಂತ ಗೆದ್ದವನು ಬ್ರೂಕಿಂಕ್, ಆದರೆ ಬ್ರೂಕಿಂಕನ ಮುಖ ಯಾರಿಗೆ ನೆನಪಿದೆ? ಫೋಟೊ ಸಿಕ್ಕವನೇ ಗೆದ್ದವನು. (ಜಿರೋ ಗೆದ್ದದ್ದು ಮಾತ್ರ ಹ್ಯಾಂಪ್‌ಸ್ಟನ್ನೇ. ಅಮೆರಿಕದವನೊಬ್ಬ ಗೆದ್ದದ್ದು ಅದೇ ಮೊದಲು.) ಹಿಮವನ್ನೇ ನೋಡದ ನಾನು ಫ್ಯಾನ್ ಕೆಳಗೆ ಕೂತು ಆ ಒಂದು ಚಿತ್ರವನ್ನು ಎಷ್ಟು ಹೊತ್ತು ನೋಡುತ್ತಿದ್ದೆ. ಇವತ್ತು ಮೂರು ಗಂಟೆ ಟೀವಿ ನೋಡಿದೆ, ಒಂದು ಮುಖವೂ ಕಣ್ಣಲ್ಲಿ ನಿಂತಿಲ್ಲ.

ಹಾಗಂತ ಆ ಹಾಳೆಗಳು ಸತ್ಯವಂತರೂ ಅಲ್ಲ. ಪುಟ್ಟ ಹೋಗುವ ಮುಂಚೆ 1998ರ ಸಂಚಿಕೆ ತಿರುವುತ್ತಿದ್ದ. ಟೂರ್ ಶುರುವಾಗುವ ಮೊದಲು ಅಚ್ಚಾದದ್ದು. ಫೆಸ್ಟಿನಾ ತಂಡದವರು ಸಾಲಾಗಿ ನಿಂತು ನಗುತ್ತಿದ್ದಾರೆ. ಕೆಲವೇ ದಿನದಲ್ಲಿ ಆ ತಂಡದ ವಿಲ್ಲಿ ವೋಯಟ್ ಬೆಲ್ಜಿಯಂ ಗಡಿಯಲ್ಲಿ ಕಾರು ತುಂಬ ಉದ್ದೀಪನ ಮದ್ದಿನ ಜೊತೆ ಸಿಕ್ಕಿಬಿದ್ದ. "ಇವರೆಲ್ಲ ಡೋಪ್ ಮಾಡಿದವರೇ ಅಲ್ವಾ?" ಅಂದ ಪುಟ್ಟ. ಏನು ಹೇಳಲಿ? ಆರ್ಮ್‌ಸ್ಟ್ರಾಂಗ್‌ನ ಕಟ್ಟು ಬೇರೆ ಇದೆ. ಅವನ ಏಳು ಟೂರ್‌ಗಳನ್ನೂ 2012ರಲ್ಲಿ ಕಿತ್ತುಕೊಂಡರು. ನನ್ನ ಅಟ್ಟದಲ್ಲಿ ಮಾತ್ರ ಅವನು ಇನ್ನೂ ಗೆಲ್ಲುತ್ತಲೇ ಇದ್ದಾನೆ. ಆ ಕಟ್ಟನ್ನು ಕೊಟ್ಟುಬಿಡಬಹುದು. ಅದಕ್ಕೂ ರೇಟಿಲ್ಲ, ಅಷ್ಟೇ.

"ಎಲ್ಲ ಸ್ಕ್ಯಾನ್ ಮಾಡಿಬಿಡೋಣ ಮಾಮ, ಅತ್ತೆಗೂ ಸಮಾಧಾನ" ಅಂದ. ಒಳ್ಳೆಯ ಹುಡುಗ. ಒಪ್ಪಿಕೊಂಡಂತೆ ತಲೆ ಅಲ್ಲಾಡಿಸಿದೆ. ಆಮೇಲೆ ಕಟ್ಟುಗಳನ್ನು ಗೆಸ್ಟ್ ರೂಮಿನ ಮಂಚದ ಕೆಳಗೆ ತಳ್ಳಿದೆ. ಅಟ್ಟ ಖಾಲಿ ಆಗಬೇಕು ಅಂದಿದ್ದಳು, ಆಗಿದೆ.

ನಾಳೆ ಸೂಪರ್‌ಬಾನ್ಯೇರ್. ಟೂರ್ ಅಲ್ಲಿಗೆ ಹೋಗುತ್ತಿರುವುದು 1989ರ ನಂತರ ಇದೇ ಮೊದಲು. ಆವತ್ತು ಅದೇ ಬೆಟ್ಟದ ಮೇಲೆ ಫಿನ್ಯೋ ಲೆಮಾಂಡ್‌ನಿಂದ ಹಳದಿ ಅಂಗಿ ಕಸಿದುಕೊಂಡ. ನನ್ನ ಹತ್ತಿರ ಆ ಹತ್ತುದಾರಿಯ ನಕ್ಷೆ ಇತ್ತು, ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ. ಮೊಬೈಲಿನಲ್ಲಿ ಬರುವ ನಕ್ಷೆಯ ಪಕ್ಕದಲ್ಲಿ ಇಟ್ಟು ನೋಡಬೇಕು, ಪುಟ್ಟ ಬರುವ ಮುಂಚೆ. ಮಿರ್ವಾರ್‌ನಲ್ಲಿತ್ತಾ, ವಿನ್ನಿಂಗ್‌ನಲ್ಲಿತ್ತಾ? ಈಗ ಲೈಟ್ ಹಾಕಿ ಮಂಚದ ಕೆಳಗೆ ನುಗ್ಗಿದರೆ ಇವಳು ಎದ್ದು...