ಡಿಸೆಂಬರ್ ಸೀಸನ್‌ಗೆ ಚೆನ್ನೈಗೆ ಹೊರಟಿದ್ದೀರಾ? ಮಧ್ಯಾಹ್ನದ ಸಂಗೀತ ಕಚೇರಿ ಬಿಡಬೇಡಿ

ಡಿಸೆಂಬರ್ ಮಧ್ಯದಿಂದ ಜನವರಿ ಮೊದಲ ವಾರದವರೆಗೆ ಚೆನ್ನೈನಲ್ಲಿ ಸಂಗೀತದ ಸುಗ್ಗಿ. ನಮ್ಮ ಧನುರ್ಮಾಸವೇ ಅವರ ಮಾರ್ಗಳಿ. ಹತ್ತಾರು ಸಭಾಗಳಲ್ಲಿ, ಅಂದರೆ ಕಚೇರಿ ಏರ್ಪಡಿಸುವ ಸಂಸ್ಥೆಗಳಲ್ಲಿ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಹಾಡು, ವಾದ್ಯ, ನೃತ್ಯ, ಹರಿಕಥೆ ಎಲ್ಲಾ ಒಟ್ಟೊಟ್ಟಿಗೆ ನಡೆಯುತ್ತವೆ. ಮೊದಲ ಸಲ ಹೋಗುವವರು ದೊಡ್ಡ ಹೆಸರುಗಳ ಪಟ್ಟಿ ಹಿಡಿದು ಊರೆಲ್ಲಾ ಓಡಾಡುತ್ತಾರೆ. ಆ ಊರಿನ ಟ್ರಾಫಿಕ್‌ನಲ್ಲಿ ಅದು ಆಗುವ ಕೆಲಸವಲ್ಲ. ಒಂದು ಬಡಾವಣೆ ಆರಿಸಿಕೊಳ್ಳಿ, ಮಧ್ಯಾಹ್ನದ ಕಚೇರಿಗಳನ್ನು ಮೊದಲು ಗುರುತು ಹಾಕಿಕೊಳ್ಳಿ, ಸಂಜೆಯದನ್ನು ಆಮೇಲೆ ನೋಡಿದರಾಯಿತು.

ಯಾಕೆ ಅಂತ ಹೇಳ್ತೀನಿ. ಮೈಲಾಪುರದ ಒಂದು ಸಭಾಂಗಣ, ಮಧ್ಯಾಹ್ನ ಎರಡು ಗಂಟೆ. ಅರ್ಧ ಹಾಲ್ ಖಾಲಿ. ಹಾಡಲು ಕೂತವಳು ಇನ್ನೂ ಚಿಕ್ಕ ಹುಡುಗಿ, ಮೃದಂಗಕ್ಕೂ ಘಟಕ್ಕೂ ಅವಳ ವಯಸ್ಸಿನವರೇ. ಅವಳು ಷಣ್ಮುಖಪ್ರಿಯ ಆಲಾಪನೆ ಶುರು ಮಾಡಿದ್ದೇ ತಡ, ಮುಂದಿನ ಸಾಲಿನ ಹಿರಿಯರೊಬ್ಬರು ಪುಟ್ಟ ನೋಟ್‌ಬುಕ್ ತೆಗೆದು ರಾಗದ ಹೆಸರು ಬರೆದುಕೊಂಡರು. ಕೃತಿ ಬಂದಾಗ ಅದನ್ನೂ ಬರೆದರು, ತಾಳವನ್ನೂ ಬರೆದರು. ಕೃತಿ ಮುಗಿದು ತನಿ ಆವರ್ತನ, ಅಂದರೆ ಹಾಡು ನಿಲ್ಲಿಸಿ ತಾಳವಾದ್ಯಗಳಷ್ಟೇ ನುಡಿಯುವ ಭಾಗ, ಶುರುವಾಯಿತು. ನನ್ನ ಪಕ್ಕದ ಅಜ್ಜಿ ತೊಡೆಯ ಮೇಲೆ ತಾಳ ಹಾಕುತ್ತಿದ್ದವರು ನನ್ನ ಕೈ ತಡವರಿಸುವುದನ್ನು ನೋಡಿ, ಮಿಶ್ರ ಚಾಪು ಎಂದು ತಾಳದ ಹೆಸರು ಪಿಸುಗುಟ್ಟಿ, ಅದರ ಮೂರು–ನಾಲ್ಕು ಲೆಕ್ಕವನ್ನು ಬೆರಳಲ್ಲೇ ತೋರಿಸಿದರು. ಮೃದಂಗದವನು ಒಂದು ಸುತ್ತು ನುಡಿಸಿದರೆ ಘಟದವನು ಅದಕ್ಕೆ ಉತ್ತರ ಕೊಡುತ್ತಾನೆ. ಸುತ್ತು ಸುತ್ತಿಗೂ ಅಳತೆ ಚಿಕ್ಕದಾಗುತ್ತಾ ಹೋಗುತ್ತದೆ. ಕೊನೆಗೆ ಇಬ್ಬರೂ ಸೇರಿ ಮುಕ್ತಾಯಕ್ಕೆ ಬಂದು, ಹುಡುಗಿ ಪಲ್ಲವಿ ಎತ್ತಿಕೊಂಡಳು. ಇದ್ದಷ್ಟೇ ಜನ ಹಾಲ್ ತುಂಬುವ ಹಾಗೆ ಚಪ್ಪಾಳೆ ತಟ್ಟಿದರು.

ಇಂಥ ಕಚೇರಿಗಳಿಗೆ ಎಷ್ಟೋ ಸಭಾಗಳಲ್ಲಿ ಟಿಕೆಟ್ಟೇ ಇಲ್ಲ. ಸುಮ್ನೆ ಒಳಗೆ ಹೋಗಿ ಮುಂದೆ ಕೂರಬಹುದು. ಮಕ್ಕಳಿಗೆ ಸಂಗೀತ ಕಲಿಸುತ್ತಿರುವವರು ಅವರನ್ನೂ ಕರೆದುಕೊಂಡು ಹೋಗಿ. ಇಂದು ಸಂಜೆ ಹೊತ್ತು ಹಾಲ್ ತುಂಬಿಸುವ ಕಲಾವಿದರೂ ಈ ಮಧ್ಯಾಹ್ನದ ವೇದಿಕೆ ಹತ್ತಿಯೇ ಮೇಲೆ ಬಂದವರು. ತನಿ ಶುರುವಾದ ಕೂಡಲೇ ಕ್ಯಾಂಟೀನಿಗೆ ಎದ್ದು ಹೋಗುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ಇಡೀ ಕಚೇರಿಗೆ ತಾಳ ಹಿಡಿದ ಮೃದಂಗ, ಘಟದವರಿಗೆ ಸಿಗುವ ಹೊತ್ತು ಅದೊಂದೇ.

ಉಳಿದುಕೊಳ್ಳಲು ಮೈಲಾಪುರ ಅಥವಾ ಆಳ್ವಾರ್‌ಪೇಟೆ ಸರಿ. ಮ್ಯೂಸಿಕ್ ಅಕಾಡೆಮಿ ಮತ್ತು ನಾರದ ಗಾನ ಸಭಾ ಎರಡೂ ಟಿಟಿಕೆ ರಸ್ತೆಯಲ್ಲೇ ಇವೆ. ಮೈಲಾಪುರ ಫೈನ್ ಆರ್ಟ್ಸ್, ರಸಿಕ ರಂಜನಿ ಸಭಾ, ಭಾರತೀಯ ವಿದ್ಯಾ ಭವನ ಕೂಡ ಹತ್ತಿರವೇ. ಕೃಷ್ಣ ಗಾನ ಸಭಾ ಮತ್ತು ವಾಣಿ ಮಹಲ್ ಇರುವುದು ಟಿ. ನಗರದಲ್ಲಿ, ಅವಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಒಂದೇ ಸಂಜೆ ಎರಡೂ ಕಡೆ ಹೋಗುವ ಯೋಚನೆ ಬೇಡ. ಸೆಂಟ್ರಲ್ ಕಡೆಯಿಂದ ಬರುವವರಿಗೆ ಎತ್ತರದ ರೈಲು ದಾರಿಯ ತಿರುಮಯಿಲೈ ನಿಲ್ದಾಣ ಮೈಲಾಪುರಕ್ಕೆ ಅನುಕೂಲ.

ಬೆಂಗಳೂರಿನಿಂದ ಹಗಲಿಗೆ ಶತಾಬ್ದಿ, ವಂದೇ ಭಾರತ್, ಲಾಲ್‌ಬಾಗ್, ಬೃಂದಾವನ್ ಇವೆ, ರಾತ್ರಿಗೆ ಮೇಲ್ ಇದೆ. ರೈಲ್ವೆ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಕ್ರಿಸ್‌ಮಸ್ ರಜೆಯ ಗುಂಪೂ ಇದೇ ಹೊತ್ತಿಗೆ ಹೊರಡುವುದರಿಂದ ತೆರೆದ ದಿನವೇ ಮಾಡಿಸಿ. ಡಿಸೆಂಬರ್ ಮೊದಲ ವಾರ ಹಿಂಗಾರು ಮಳೆಯ ಕಾಲ. 2015ರಲ್ಲೂ 2023ರಲ್ಲೂ ಆ ವಾರದಲ್ಲೇ ಊರು ಮುಳುಗಿತ್ತು. 20ನೇ ತಾರೀಕಿನ ನಂತರ ಹೋಗುವುದು ಕ್ಷೇಮ, ಆಗಲೂ ಕೊಡೆ ಜೊತೆಗಿರಲಿ. ಶಾಲೂ ಬೇಕು. ಹೊರಗೆ ಸೆಕೆ, ಒಳಗೆ ಏಸಿಯ ಚಳಿ. ಮೂರು ಗಂಟೆ ಕೂತರೆ ಬೆನ್ನು ಹಿಡಿಯುತ್ತದೆ.

ಮ್ಯೂಸಿಕ್ ಅಕಾಡೆಮಿಗೆ ಒಂದು ಸಲವಾದರೂ ಹೋಗಲೇಬೇಕು. 1927ರಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅದರ ಜೊತೆಗೇ ಒಂದು ಸಂಗೀತ ಸಮ್ಮೇಳನವೂ ಆಯಿತು. ಅದರ ಫಲವಾಗಿ ಮರುವರ್ಷ, 1928ರಲ್ಲಿ, ಅಕಾಡೆಮಿ ಹುಟ್ಟಿತು. ಅದು ಕೊಡುವ ಸಂಗೀತ ಕಲಾನಿಧಿ ಬಿರುದು ನಮ್ಮ ಮೈಸೂರು ವಾಸುದೇವಾಚಾರ್ಯರಿಗೆ, ಪಿಟೀಲು ಚೌಡಯ್ಯನವರಿಗೆ, ವೀಣೆ ದೊರೆಸ್ವಾಮಿ ಅಯ್ಯಂಗಾರರಿಗೆ, ಆರ್.ಕೆ. ಶ್ರೀಕಂಠನ್ ಅವರಿಗೆ ಸಂದಿದೆ. ಅಲ್ಲಿನ ಸಂಜೆ ಕಚೇರಿಗೆ ಟಿಕೆಟ್ ಕಷ್ಟ, ಸೀಸನ್ ಟಿಕೆಟ್ ಇನ್ನೂ ಕಷ್ಟ. ಆದರೆ ಬೆಳಿಗ್ಗೆ ಪ್ರಾತ್ಯಕ್ಷಿಕೆ ಸಹಿತ ಉಪನ್ಯಾಸಗಳು ನಡೆಯುತ್ತವೆ. ಒಂದು ರಾಗವನ್ನೋ ಒಬ್ಬ ವಾಗ್ಗೇಯಕಾರರನ್ನೋ (ಕೃತಿ ರಚಿಸಿದವರನ್ನೋ) ಹಿಡಿದು ವಿದ್ವಾಂಸರು ಹಾಡಿ ತೋರಿಸುತ್ತಾ ಬಿಡಿಸಿ ಹೇಳುತ್ತಾರೆ. ನನ್ನ ಪ್ರಕಾರ ಇಡೀ ಸೀಸನ್‌ನಲ್ಲಿ ಜಾಸ್ತಿ ಕಲಿಯಲು ಸಿಗುವ ಜಾಗ ಅದೇ. ಯಾವ ಸಭಾದಲ್ಲೇ ಆಗಲಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಬೇಡಿ.

ಭಾಷೆಯ ಚಿಂತೆ ಬೇಡ. ಕಚೇರಿಯ ಕೊನೆಯ ಭಾಗದಲ್ಲಿ ಪುರಂದರದಾಸರ ದೇವರನಾಮ ಬರುವುದು ಅಲ್ಲಿ ಮಾಮೂಲು. ಅಕ್ಕಪಕ್ಕದ ತಮಿಳರು ಕನ್ನಡದ ಸಾಲಿಗೆ ದನಿ ಸೇರಿಸುವುದನ್ನು ಕೇಳಿದರೆ ಎದೆ ತುಂಬಿ ಬರುತ್ತದೆ.

ಊಟಕ್ಕೆ ಸಭಾ ಕ್ಯಾಂಟೀನ್ ಇದ್ದೇ ಇದೆ. ಬರೀ ತಿನ್ನಲು ಬರುವವರೂ ಇದ್ದಾರೆ. ಬಾಳೆಲೆ ಊಟಕ್ಕೆ ಹನ್ನೆರಡಕ್ಕೇ ಹೋಗಿ, ತಡವಾದರೆ ಸಾಲು ಉದ್ದ.

ಒಂದು ದಿನವಾದರೂ ಬೆಳಗಿನ ಜಾವ ಎದ್ದು ಮೈಲಾಪುರದ ಕಪಾಲೀಶ್ವರ ದೇವಸ್ಥಾನದ ಸುತ್ತಲಿನ ಮಾಡ ಬೀದಿಗಳಿಗೆ ಹೋಗಿ. ಮಾರ್ಗಳಿಯ ಭಜನೆ ತಂಡಗಳು ಹಾಡುತ್ತಾ ಬೀದಿ ಸುತ್ತುತ್ತವೆ. ವಾಗ್ಗೇಯಕಾರ ಪಾಪನಾಶಂ ಶಿವನ್ ಅವರು ನಡೆಸಿಕೊಂಡು ಬಂದ ರೂಢಿ ಅದು. ಮನೆಗಳ ಮುಂದೆ ದೊಡ್ಡ ದೊಡ್ಡ ರಂಗೋಲಿ ಇರುತ್ತದೆ, ಕಾಲಿಡುವಾಗ ಜೋಪಾನ. ಇದಕ್ಕೆ ಟಿಕೆಟ್ ಇಲ್ಲ, ಕುರ್ಚಿಯೂ ಇಲ್ಲ. ಅವರ ಹಿಂದೆ ನಡೆದರಾಯಿತು.

ನೃತ್ಯ ನೋಡಬೇಕು ಅನ್ನುವವರ ಲೆಕ್ಕ ಬೇರೆ. ಅಕಾಡೆಮಿಯ ಸಂಗೀತೋತ್ಸವ ಜನವರಿ 1ರ ಸದಸ್ಸಿನೊಂದಿಗೆ (ಬಿರುದು ಪ್ರದಾನ ಸಭೆಯೊಂದಿಗೆ) ಮುಗಿದು, ನೃತ್ಯೋತ್ಸವ ಜನವರಿ ಮೊದಲ ವಾರ ಶುರುವಾಗುತ್ತದೆ. ಕೃಷ್ಣ ಗಾನ ಸಭಾದ ನಾಟ್ಯ ಕಲಾ ಸಮ್ಮೇಳನ ಡಿಸೆಂಬರ್ ಕೊನೆಯಲ್ಲಿ ನಡೆಯುತ್ತದೆ. ತಿರುವಾನ್ಮಿಯೂರಿನ ಕಲಾಕ್ಷೇತ್ರಕ್ಕೂ ಅರ್ಧ ದಿನ ಕೊಡಿ. ಭರತನಾಟ್ಯ ಕಲಾವಿದೆ ರುಕ್ಮಿಣೀದೇವಿ 1936ರಲ್ಲಿ ಕಟ್ಟಿದ ಸಂಸ್ಥೆ, ಕೇರಳದ ಕೂತ್ತಂಬಲದ (ದೇವಸ್ಥಾನದ ನಾಟ್ಯಶಾಲೆಯ) ಮಾದರಿಯ ರಂಗಮಂದಿರ. ವಾಸುದೇವಾಚಾರ್ಯರು ತಮ್ಮ ಇಳಿವಯಸ್ಸಿನಲ್ಲಿ ಅಲ್ಲಿದ್ದು ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತ ಕೊಟ್ಟರು. ಸಂಗೀತ, ನೃತ್ಯ ಎರಡೂ ಬೇಕಾದರೆ ಡಿಸೆಂಬರ್ 28ಕ್ಕೆ ಹೋಗಿ ಜನವರಿ 5ಕ್ಕೆ ಹೊರಡುವ ಹಾಗೆ ರೈಲು ಟಿಕೆಟ್ ಮಾಡಿಸಿ.